ಅಮೆರಿಕದ ಮನೆ ಮಾರಿದರೆ 15% ಹಿಡಿಯಲೇಬೇಕಾ?

ಪ್ರಶ್ನೆ: ಹನ್ನೆರಡು ವರ್ಷ ಎಚ್-1ಬಿ ವೀಸಾದಲ್ಲಿ ಕ್ಯಾಲಿಫೋರ್ನಿಯಾದಲ್ಲಿದ್ದೆ. ಗ್ರೀನ್ ಕಾರ್ಡ್ ಬರಲೇ ಇಲ್ಲ. 2024ರ ಜೂನ್‌ನಲ್ಲಿ ಸಂಸಾರ ಸಮೇತ ಮೈಸೂರಿಗೆ ಬಂದುಬಿಟ್ಟೆವು. ಅಲ್ಲಿ 2017ರಲ್ಲಿ 6,20,000 ಡಾಲರ್‌ಗೆ ಕೊಂಡ ಮನೆ ನನ್ನ ಮತ್ತು ಹೆಂಡತಿಯ ಹೆಸರಲ್ಲಿದೆ. ಹೊರಡೋವರೆಗೂ ಅದರಲ್ಲೇ ಇದ್ದೆವು, ಆಮೇಲೆ ಬಾಡಿಗೆಗೆ ಕೊಟ್ಟೆವು. ಈಗ 7,80,000ಕ್ಕೆ ಗಿರಾಕಿ ಸಿಕ್ಕಿದ್ದಾರೆ. ಮಾರಾಟದ ದುಡ್ಡು, ಕಾಗದಪತ್ರ ನಡುವೆ ನಿಂತು ನೋಡಿಕೊಳ್ಳುವ ಎಸ್ಕ್ರೋ ಕಂಪನಿಯವರು 15% ತೆರಿಗೆ ಹಿಡಿಯಬೇಕು ಅಂತಾರೆ. ಕೊಳ್ಳುವವರು ಅಲ್ಲೇ ವಾಸ ಮಾಡಿದರೆ ಏನೂ ಹಿಡಿಯೋ ಹಾಗಿಲ್ಲ ಅಂತ ಗೆಳೆಯರೊಬ್ಬರು ಹೇಳುತ್ತಾರೆ. ಯಾರ ಮಾತು ಸರಿ ಸರ್?
— ಓದುಗರು, ಮೈಸೂರು

ಉತ್ತರ: ಇಬ್ಬರದ್ದೂ ಅರ್ಧರ್ಧ ಸರಿ. ವಿದೇಶೀಯರು ಅಮೆರಿಕದಲ್ಲಿ ಆಸ್ತಿ ಮಾರಿದರೆ ಮಾರಾಟದ ಬೆಲೆಯ ಮೇಲೆ 15% ಹಿಡಿದು ಐಆರ್‌ಎಸ್‌ಗೆ (ಅಲ್ಲಿನ ತೆರಿಗೆ ಇಲಾಖೆಗೆ) ಕಟ್ಟುವ ಹೊಣೆ ಕೊಳ್ಳುವವರದ್ದು. ಇದು 1980ರ ಫಿರ್‌ಪ್ಟಾ ಕಾನೂನಿನಿಂದ ಬಂದದ್ದು. ಲಾಭದ ಮೇಲಲ್ಲ, ಬೆಲೆಯ ಮೇಲೆ! ನಿಮ್ಮ ಲೆಕ್ಕದಲ್ಲಿ 1,17,000 ಡಾಲರ್.

ನಿಮ್ಮ ಗೆಳೆಯರು ಹೇಳಿದ ಪೂರ್ತಿ ವಿನಾಯಿತಿ ಇರುವುದು 3,00,000 ಡಾಲರ್‌ವರೆಗಿನ ಮನೆಗೆ ಮಾತ್ರ. ಅದಕ್ಕಿಂತ ಜಾಸ್ತಿ, ಆದರೆ ಹತ್ತು ಲಕ್ಷ ಡಾಲರ್ ದಾಟದಿದ್ದರೆ, ಕೊಳ್ಳುವವರು ವಾಸಕ್ಕೆ ತೆಗೆದುಕೊಳ್ಳುತ್ತಿದ್ದರೆ 10% ಸಾಕು. ಅಂದರೆ 78,000. ಸುಮ್ನೆ 'ವಾಸ ಮಾಡ್ತೀವಿ' ಅಂದರೆ ಆಗದು. ಮೊದಲ ಎರಡು ವರ್ಷಗಳಲ್ಲಿ, ಪ್ರತಿ ವರ್ಷವೂ ಆ ಮನೆ ಬಳಕೆಯಾದ ದಿನಗಳಲ್ಲಿ ಕನಿಷ್ಠ ಅರ್ಧದಷ್ಟು ದಿನ ಅವರೋ ಅವರ ಮನೆಯವರೋ ಅಲ್ಲಿರಬೇಕು. ಲೆಕ್ಕ ತಪ್ಪಿದರೆ ಐಆರ್‌ಎಸ್ ಹಿಡಿಯೋದು ಅವರನ್ನೇ. ಹಾಗಾಗಿ ಅವರು ಸಹಿ ಹಾಕಲು ಹಿಂದೆಮುಂದೆ ನೋಡಿದರೆ ಬೇಜಾರು ಮಾಡಿಕೊಳ್ಳಬೇಡಿ.

ಆದರೆ ನಾನಾಗಿದ್ದರೆ ಈ ಹತ್ತು-ಹದಿನೈದರ ಚೌಕಾಸಿಗೆ ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಿಮ್ಮ ನಿಜವಾದ ತೆರಿಗೆ ಎಷ್ಟು ಅಂತ ನೋಡಿ. ಮಾರುವ ಮುಂಚಿನ ಐದು ವರ್ಷಗಳಲ್ಲಿ ಎರಡು ವರ್ಷ ಆ ಮನೆ ನಿಮ್ಮದಾಗಿದ್ದು, ನೀವು ಅದರಲ್ಲಿ ವಾಸವಿದ್ದರೆ ತಲಾ 2,50,000 ಡಾಲರ್ ಲಾಭಕ್ಕೆ ತೆರಿಗೆಯಿಲ್ಲ. ಅನಿವಾಸಿಗಳಿಗೂ ಇದು ಉಂಟು. ನಿಮ್ಮ ಲಾಭ 1,60,000, ತಲಾ 80,000. ಪೂರ್ತಿ ಪಾರು. 2027ರ ಜೂನ್ ಒಳಗೆ ಮಾರಾಟ ಮುಗಿಯಬೇಕು, ಅಷ್ಟೆ.

ಒಂದು ಕೊಕ್ಕೆ ಇದೆ. ಬಾಡಿಗೆಗೆ ಕೊಟ್ಟ ಕಾಲದ ಸವಕಳಿಗೆ (ಕಟ್ಟಡ ಹಳತಾಗುತ್ತದೆಂದು ಬಾಡಿಗೆ ಆದಾಯದಲ್ಲಿ ವರ್ಷವರ್ಷ ಕಳೆಯುವ ಮೊತ್ತಕ್ಕೆ) ಈ ವಿನಾಯಿತಿ ಸಿಗದು. ಜಾಗ ಬಿಟ್ಟು ಕಟ್ಟಡದ ಬೆಲೆ 4,40,000 ಅಂತಿಟ್ಟುಕೊಳ್ಳಿ. ಅದನ್ನು ಇಪ್ಪತ್ತೇಳೂವರೆ ವರ್ಷಕ್ಕೆ ಹಂಚಿದರೆ ವರ್ಷಕ್ಕೆ 16,000. ಎರಡು ವರ್ಷದ 32,000ಕ್ಕೆ ಹೆಚ್ಚೆಂದರೆ 25%, ಅಂದರೆ 8,000 ಡಾಲರ್ ತೆರಿಗೆ. ರಿಟರ್ನ್‌ನಲ್ಲಿ ಸವಕಳಿ ತೋರಿಸಿಲ್ಲ ಅಂದರೂ ತೋರಿಸಿದ ಹಾಗೆಯೇ ಲೆಕ್ಕ!

ಎಂಟು ಸಾವಿರದ ತೆರಿಗೆಗೆ ಎಪ್ಪತ್ತೆಂಟು ಸಾವಿರ ಯಾಕೆ ಬಿಟ್ಟುಕೊಡಬೇಕು, ಅಲ್ವಾ? ಅದಕ್ಕೇ 8288-ಬಿ ಫಾರ್ಮ್ ಇರೋದು. ಈ ಲೆಕ್ಕವನ್ನೆಲ್ಲ ತೋರಿಸಿ, ಇಷ್ಟೇ ಹಿಡಿಯಿರಿ ಅಂತ ಐಆರ್‌ಎಸ್‌ನಿಂದ ಪ್ರಮಾಣಪತ್ರ ಕೇಳುವ ಅರ್ಜಿ. ಕ್ಲೋಸಿಂಗ್ ದಿನದ, ಅಂದರೆ ಮಾರಾಟ ಮುಗಿಯುವ ದಿನದ, ಒಳಗೆ ಹಾಕಿರಬೇಕು. ಹಾಕಿದ್ದರೆ, ಹಿಡಿದ ದುಡ್ಡು ಐಆರ್‌ಎಸ್‌ಗೆ ಹೋಗದೆ ಉತ್ತರ ಬರೋವರೆಗೂ ಎಸ್ಕ್ರೋದಲ್ಲೇ ಇರುತ್ತದೆ. ಉತ್ತರಕ್ಕೆ ಸಾಮಾನ್ಯವಾಗಿ 90 ದಿನ. ಹಾಕದಿದ್ದರೆ 20 ದಿನದಲ್ಲಿ ಹೋಗಿಬಿಡುತ್ತದೆ. ಆಮೇಲೆ ಮುಂದಿನ ವರ್ಷ ಅನಿವಾಸಿಗಳ ರಿಟರ್ನ್ ಆದ 1040-ಎನ್‌ಆರ್ ತುಂಬಿ, ತೆರಿಗೆ ಹಿಡಿದದ್ದಕ್ಕೆ ಸಾಕ್ಷಿಯಾಗಿ ಐಆರ್‌ಎಸ್ ಮುದ್ರೆ ಬಿದ್ದ 8288-ಎ ಪ್ರತಿ ಲಗತ್ತಿಸಿ, ರಿಫಂಡ್‌ಗೆ ಕಾಯುತ್ತಾ ಕೂರಬೇಕು. ನಿಮ್ಮ ಹೆಂಡತಿಯದ್ದು ಐಟಿಐಎನ್ (ಸೋಶಿಯಲ್ ಸೆಕ್ಯುರಿಟಿ ನಂಬರ್ ಸಿಗದವರಿಗೆ ಐಆರ್‌ಎಸ್ ಕೊಡುವ ತೆರಿಗೆ ಸಂಖ್ಯೆ) ಆಗಿದ್ದರೆ ಈಗಲೇ ನೋಡಿ. ಸತತ ಮೂರು ವರ್ಷ ರಿಟರ್ನ್‌ನಲ್ಲಿ ಬಳಸದಿದ್ದರೆ ಅದು ರದ್ದಾಗುತ್ತದೆ.

ಕ್ಯಾಲಿಫೋರ್ನಿಯಾ ರಾಜ್ಯ ಬೇರೆ ಬೆಲೆಯ 3.33% ಹಿಡಿಯುತ್ತದೆ, ಸುಮಾರು 26,000. ಫಾರ್ಮ್ 593ರಲ್ಲಿ 'ಇದು ನಮ್ಮ ಮುಖ್ಯ ವಾಸದ ಮನೆ' ಅಂತ ಇಬ್ಬರೂ ಘೋಷಿಸಿದರೆ ಅದು ತಪ್ಪುತ್ತದೆ.

ನೀವು ಕೇಳದಿದ್ದರೂ ಇನ್ನೊಂದು. ಅಮೆರಿಕ ಬಿಟ್ಟ ಲಾಭವನ್ನು ಭಾರತ ಬಿಡಬೇಕು ಅಂತೇನಿಲ್ಲ. ವಾಪಸ್ ಬಂದ ಮೇಲೆ ಸಾಮಾನ್ಯವಾಗಿ ಎರಡು, ಕೆಲವರಿಗೆ ಮೂರು ಹಣಕಾಸು ವರ್ಷ ಆರ್‌ಎನ್‌ಒಆರ್ (ನಿವಾಸಿಯಾದರೂ 'ಸಾಮಾನ್ಯ ನಿವಾಸಿ'ಯಲ್ಲದವರು ಎಂಬ) ಸ್ಥಾನ ಇರುತ್ತದೆ. ಆಗ ಮಾರಿದರೆ ಇಲ್ಲಿ ಸಾಮಾನ್ಯವಾಗಿ ತೆರಿಗೆ ಬೀಳುವುದಿಲ್ಲ. ಅದು ದಾಟಿದ್ದರೆ ಇಲ್ಲಿ 12.5%. ಸಹಿ ಹಾಕುವ ಮೊದಲು ಪಾಸ್‌ಪೋರ್ಟ್ ಸೀಲುಗಳನ್ನು ಹಿಡಿದುಕೊಂಡು ಮೈಸೂರಿನ ನಿಮ್ಮ ಸಿಎ ಹತ್ತಿರ ಕೂತು ದಿನ ಎಣಿಸಿಬಿಡಿ.