ಪ್ರಶ್ನೆ: ಮಗಳ ಮದುವೆಗೆ ಎರಡೇ ತಿಂಗಳು. ನನಗೆ 48 ವರ್ಷ, 10 ಕೆ.ಜಿ. ಇಳಿಸಬೇಕು. ರಾತ್ರಿ ಊಟ ಬಿಟ್ಟರೂ ಇಳಿಯುತ್ತಿಲ್ಲ, ಅನ್ನ ಪೂರ್ತಿ ಬಿಟ್ಟರೆ ಆಗುತ್ತದಾ?

ಉತ್ತರ: ಅನ್ನ ಬಿಟ್ಟು ನೋಡಿದವಳೇ ನಾನು. ತೀರ್ಥಹಳ್ಳಿ ಕಡೆಯವಳು; ಆಗ 49, ತೂಕ 71, ಮುಟ್ಟು ಒಮ್ಮೆ ಬಂದರೆ ಮೂರು ತಿಂಗಳು ನಾಪತ್ತೆ. ಬೆಳಿಗ್ಗೆ ಗಂಜಿ ತಿಳಿ, ಮಧ್ಯಾಹ್ನ ಸೌತೆಕಾಯಿ ಮತ್ತು ಒಂದೆಲಗದ ತಂಬುಳಿ, ರಾತ್ರಿ ಒಂದು ಲೋಟ ಹುರುಳಿ ಕಟ್ಟು. ಮೂರು ತಿಂಗಳಲ್ಲಿ 8 ಕೆ.ಜಿ. ಇಳಿಯಿತು. ಆಮೇಲಿನ ಆರು ತಿಂಗಳಲ್ಲಿ 9 ಏರಿತು.

ತಪ್ಪಿದ್ದು ಆ ಹುರುಳಿಯಲ್ಲಿ. ನಮ್ಮ ಕಡೆ ಹುರುಳಿ ಬೇಯಿಸುವುದೇ ದನಕ್ಕೆ. ಬೆಂದ ನೀರನ್ನು ಬಸಿದು ಕಟ್ಟಿನ ಸಾರು ಮಾಡುತ್ತೇವೆ, ಕಾಳು ಕೊಟ್ಟಿಗೆಗೆ ಹೋಗುತ್ತದೆ. ಹುರುಳಿ ಕೊಬ್ಬು ಕರಗಿಸುತ್ತದೆ ಅಂತ ಕಂಡವರೆಲ್ಲ ಹೇಳಿದರು, ನಾನು ಕಟ್ಟು ಕುಡಿದೆ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಇದೆ, ಅದರ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ಪ್ರೋಟೀನು ಎಮ್ಮೆಗೆ, ಬಣ್ಣದ ನೀರು ನನಗೆ. ಬೇಳೆ ಸಾರಿನ ಕಥೆಯೂ ಅಷ್ಟೇ. ನಾಲ್ಕು ಜನಕ್ಕೆ 100 ಗ್ರಾಂ ತೊಗರಿಬೇಳೆ ಹಾಕಿದರೆ ತಲೆಗೆ 25 ಗ್ರಾಂ ಬೇಳೆ, ಅಂದರೆ ಐದಾರು ಗ್ರಾಂ ಪ್ರೋಟೀನು. ಅದರಲ್ಲೂ ತಳದ ಗಟ್ಟಿ ಮನೆಯವರಿಗೆಲ್ಲ ಬಡಿಸಿ, ಕೊನೆಗೆ ಕೂತು ತಿಳಿ ಕಲಸಿಕೊಳ್ಳುವವರು ನಾವು. ತಂಬುಳಿ, ಅಪ್ಪೆಹುಳಿ ಬಾಯಿಗೆ ಹಿತ, ಪ್ರೋಟೀನಿನ ಲೆಕ್ಕಕ್ಕೆ ಬರುವುದಿಲ್ಲ. ದಿನಕ್ಕೆ ನನಗೆ 30 ಗ್ರಾಂ ಕೂಡ ಸಿಗುತ್ತಿರಲಿಲ್ಲ. ಸಾಮಾನ್ಯ ವಯಸ್ಕರಿಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವುದು ದೇಹದ ತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ. ತೂಕ ಇಳಿಸುವಾಗ 1ರಿಂದ 1.2 ಗ್ರಾಂ ಬೇಕು.

ಇದನ್ನು ಇಷ್ಟು ಎಳೆಯುವುದಕ್ಕೆ ಕಾರಣವಿದೆ. 30 ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಸ್ನಾಯು ತಾನಾಗಿಯೇ ಕರಗುತ್ತದೆ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜೆನ್ ಇಳಿದು, ಸೊಂಟ ತೊಡೆಯಲ್ಲಿ ಕೂರುತ್ತಿದ್ದ ಕೊಬ್ಬು ಹೊಟ್ಟೆಗೆ ಬರುತ್ತದೆ, ಮೂಳೆಯೂ ಸವೆಯುತ್ತದೆ. ಇಂಥ ಕಾಲದಲ್ಲಿ ಪ್ರೋಟೀನು ಕೊಡದೆ, ಮೈಗೆ ಭಾರದ ಕೆಲಸವನ್ನೂ ಕೊಡದೆ ಉಪವಾಸ ಕೂತರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ತೂಕದ ಯಂತ್ರಕ್ಕೆ ಎರಡೂ ಒಂದೇ, ಕೆ.ಜಿ. ಇಳಿದದ್ದಷ್ಟೇ ಅದಕ್ಕೆ ಗೊತ್ತು. ಮತ್ತೆ ಊಟ ಶುರುವಾದಾಗ ವಾಪಸು ಬರುವುದು ಹೆಚ್ಚಾಗಿ ಕೊಬ್ಬೇ. 71 ಇದ್ದವಳು 72ಕ್ಕೆ ಬಂದೆ, ಆದರೆ ಬಾವಿಯಿಂದ ಸೇದಿದ ಕೊಡ ಸೊಂಟಕ್ಕೆ ಏರುತ್ತಿರಲಿಲ್ಲ. ಅಷ್ಟರೊಳಗೆ ಕೂದಲೂ ಹಿಡಿಹಿಡಿಯಾಗಿ ಉದುರಿತ್ತು. ಪಥ್ಯ ಹಿಡಿದು ಎರಡು ಮೂರು ತಿಂಗಳಾದ ಮೇಲೆ ಉದುರುವುದರಿಂದ ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಹೊಳೆಯುವುದೇ ಇಲ್ಲ. ಬೇಗ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯ ಬೇರೆ.

ಇನ್ನು ನಿಮ್ಮ 10 ಕೆ.ಜಿ. ಒಂದು ಕೆ.ಜಿ. ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. 10 ಕೆ.ಜಿ.ಯನ್ನು 60 ದಿನಕ್ಕೆ ಹಂಚಿದರೆ ದಿನಕ್ಕೆ 1,280ರ ಖೋತಾ. ನಿಮ್ಮ ಮೈ ದಿನಕ್ಕೆ 1,700 ಖರ್ಚು ಮಾಡುತ್ತದೆ ಅಂತಿಟ್ಟುಕೊಂಡರೂ ತಿನ್ನಲು ಉಳಿಯುವುದು 420. ಎರಡು ಅಕ್ಕಿರೊಟ್ಟಿಗೂ ಸಾಲದು ಮಾರಾಯ್ರೆ. ದಿನಕ್ಕೆ 400 ಕಡಿಮೆ ಮಾಡಿ, ತಿಂಗಳಿಗೆ ಒಂದೂವರೆ ಕೆ.ಜಿ., ಮದುವೆ ಹೊತ್ತಿಗೆ ಮೂರು. ನನ್ನ ಪ್ರಕಾರ ಅಷ್ಟೇ ಸಾಕು.

ಆ 400 ಅನ್ನದಿಂದಲೇ ಬರಬೇಕಿಲ್ಲ. ಎರಡು ಚಮಚ ಸಕ್ಕರೆ ಹಾಕಿದ ಹಾಲಿನ ಕಾಫಿ ಒಂದು ಲೋಟಕ್ಕೆ ನೂರರ ಹತ್ತಿರ. ನಾಲ್ಕು ಕುಡಿಯುವವರು ಎರಡಕ್ಕೆ ನಿಲ್ಲಿಸಿ. ಬೆಲ್ಲ ಹಾಕಿದರೆ ಏನೂ ಆಗುವುದಿಲ್ಲ ಅನ್ನುವ ಮಾತು ಬಿಡಿ, 10 ಗ್ರಾಂ ಸಕ್ಕರೆ 40 ಕ್ಯಾಲೊರಿಯಾದರೆ ಬೆಲ್ಲ 38. ಒಂದು ಹಿಡಿ ಕಾಯಿತುರಿ ನೂರು ದಾಟುತ್ತದೆ, ಪಲ್ಯಕ್ಕೂ ಹುಳಿಗೂ ಚಟ್ನಿಗೂ ಹಾಕಿದರೆ ಲೆಕ್ಕ ತಪ್ಪುತ್ತದೆ. ಯಾವುದಾದರೂ ಒಂದಕ್ಕೆ ಹಾಕಿ. ರೊಟ್ಟಿ ಬೇಯಿಸುವ ಎಣ್ಣೆಯನ್ನು ಚಮಚದಲ್ಲಿ ಅಳೆಯಿರಿ, ಒಂದು ಟೀ ಚಮಚಕ್ಕೆ 45. ಮಳೆಗಾಲದ ಹಪ್ಪಳ ಸಂಡಿಗೆ ಬಗ್ಗೆ ನಾನು ಹೇಳಬೇಕಿಲ್ಲ.

ಈಗ ನನ್ನ ತಟ್ಟೆ ಹೀಗಿದೆ. ಬೆಳಿಗ್ಗೆ 50 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ. ಮಧ್ಯಾಹ್ನ ಹಸಿ ಅಕ್ಕಿಯ ಲೆಕ್ಕದಲ್ಲಿ 75 ಗ್ರಾಂ ಅನ್ನ, ತಳ ಕಲಕಿ ಬಡಿಸಿಕೊಂಡ ಸಾರು, 40 ಗ್ರಾಂ ಹುರುಳಿಯ ಉಸಲಿ, ಹಾಲುಗುಂಬಳವೋ ಬಸಳೆಯೋ ತಟ್ಟೆಯ ಅರ್ಧದಷ್ಟು. ರಾತ್ರಿ ಒಂದು ಅಕ್ಕಿರೊಟ್ಟಿ, 25 ಗ್ರಾಂ ಸೋಯಾ ತುಂಡಿನ ಪಲ್ಯ. ದಿನದಲ್ಲಿ ಒಟ್ಟು ಒಂದು ಲೋಟ ಹಾಲು, ಒಂದು ಬಟ್ಟಲು ಮೊಸರು. ಸುಮಾರು 60–65 ಗ್ರಾಂ ಪ್ರೋಟೀನು ಆಗುತ್ತದೆ. ನಮ್ಮಲ್ಲಿ ಮೊಟ್ಟೆ ಇಲ್ಲ. ತಿನ್ನುವವರಾದರೆ ಸೋಯಾ ಬದಲು ಎರಡು ಮೊಟ್ಟೆ ಅಥವಾ ಎರಡು ತುಂಡು ಬಂಗುಡೆ. ಹುರುಳಿ ರಾತ್ರಿಯಿಡೀ ನೆನೆದು ನೀರು ಚೆಲ್ಲಿರಬೇಕು, ಇಲ್ಲದಿದ್ದರೆ ಹೊಟ್ಟೆ ಉಬ್ಬುತ್ತದೆ. ಮೊದಲ ವಾರ ಎರಡೇ ಚಮಚ ತಿನ್ನಿ. ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಪ್ರೋಟೀನು ಏರಿಸಬಾರದು.

ವಾಕಿಂಗ್ ಒಂದೇ ಸಾಲದು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಅದು ಆಗುವುದೂ ಇಲ್ಲ. ಸುಗ್ಗಿಯಲ್ಲಿ ಮೆಟ್ಟುಗತ್ತಿ ಮುಂದೆ ದಿನವಿಡೀ ಕೂತು ಅಡಿಕೆ ಸುಲಿದರೂ ದಣಿವಾಗುತ್ತದೆಯೇ ಹೊರತು ತೊಡೆಗೆ ಕೆಲಸವಿಲ್ಲ. ಜಗಲಿಯಲ್ಲಿ ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ: ಕೈ ಎದೆಗೆ ಕಟ್ಟಿ ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲ, ಗೋಡೆಗೆ ಅಂಗೈ ಊರಿ ಎದೆ ತಾಗಿಸಿ ಹಿಂದೆ ಬರುವುದು ಹತ್ತು ಸಲ, 5 ಲೀಟರ್ ಕ್ಯಾನಿಗೆ 2 ಲೀಟರ್ ನೀರು ಹಾಕಿ ಬೆನ್ನು ನೆಟ್ಟಗಿಟ್ಟು ಎತ್ತುವುದು ಹತ್ತು ಸಲ. ಇಷ್ಟನ್ನು ಮೂರು ಸುತ್ತು. ಕೊನೆಯ ಎರಡು ಸಲ ಕಷ್ಟವಾಗಬೇಕು. ಸಲೀಸಾಯಿತೆಂದರೆ ಕ್ಯಾನಿಗೆ ಇನ್ನೊಂದು ಲೀಟರ್. ಮಂಡಿ ನೋವಿದ್ದರೆ ಕುರ್ಚಿಯ ಮೇಲೆ ದಪ್ಪ ದಿಂಬು ಹಾಕಿಕೊಂಡು ಎತ್ತರ ಮಾಡಿ.

ಇದಕ್ಕೆಲ್ಲ ಮೊದಲು ರಕ್ತ ಪರೀಕ್ಷೆ ಮಾಡಿಸಿ: ಥೈರಾಯ್ಡ್‌ಗೆ ಟಿಎಸ್‌ಎಚ್, ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಗೆ ಎಚ್‌ಬಿಎ1ಸಿ, ಜೊತೆಗೆ ಹಿಮೋಗ್ಲೋಬಿನ್. ಥೈರಾಯ್ಡ್ ಮಾತ್ರೆ ನುಂಗುವವರಾದರೆ ಬರೀ ನೀರಿನಲ್ಲಿ, ಖಾಲಿ ಹೊಟ್ಟೆಯಲ್ಲಿ. ಎದ್ದ ತಕ್ಷಣ ಕಾಫಿ ಜೊತೆ ನುಂಗಿದರೆ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ, ಒಂದು ಗಂಟೆ ತಡೆಯಿರಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ನಾಲ್ಕು ಗಂಟೆ ಬಿಟ್ಟು. ಮುಟ್ಟು ನಿಂತು ವರ್ಷ ತುಂಬಿದ ಮೇಲೆ ಒಂದು ಹನಿ ರಕ್ತ ಕಂಡರೂ ಮದುವೆ ಮುಗಿಯಲಿ ಅಂತ ಕಾಯಬೇಡಿ, ಆ ವಾರವೇ ತೋರಿಸಿ.

ತೂಕ ವಾರಕ್ಕೊಮ್ಮೆ ಸಾಕು. ಮುಟ್ಟಿನ ಹಿಂದುಮುಂದು ನೀರು ತುಂಬಿ ಒಂದು ಕೆ.ಜಿ. ಏರಿದಂತೆ ಕಾಣುತ್ತದೆ. ಟೈಲರ್ ಟೇಪು ನಂಬಿ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು, ಹೊಟ್ಟೆ ಎಳೆದುಕೊಳ್ಳದೆ. ನಮ್ಮ ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕು ಅನ್ನುತ್ತಾರೆ. ನಾನಿನ್ನೂ 84ರಲ್ಲಿದ್ದೇನೆ, ಕೊಡ ಸೊಂಟಕ್ಕೆ ಏರುತ್ತದೆ.

ಮದುವೆ ರವಿಕೆ ಈಗಿನ ಅಳತೆಗೇ ಹೊಲಿಯಲು ಕೊಡಿ. ಸಡಿಲವಾದರೆ ಒಂದು ವಾರ ಮುಂಚೆ ಎರಡೂ ಪಕ್ಕಕ್ಕೆ ಒಂದೊಂದು ಹೊಲಿಗೆ ಹಾಕಿಸಿದರಾಯಿತು.