ಗದ್ದಲದ ಊರಲ್ಲಿ ಒಂದು ತಾಸು ಸುಮ್ನೆ ಕೂರೋದು ಎಲ್ಲಿ?

(ಓದುಗರ ಪ್ರಶ್ನೆಗಳಿಗೆ ಧಾರವಾಡದ ನಿವೃತ್ತ ಡ್ರಾಯಿಂಗ್ ಮಾಸ್ತರರ ಉತ್ತರ)

ಪ್ರಶ್ನೆ: ಮಾಸ್ತರರೇ, ದುರ್ಗದ ಬೈಲಿನ ಹತ್ತಿರ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮಧ್ಯಾಹ್ನ ಎರಡು ತಾಸು ಬಿಡುವು. ಮನೆ ದೂರ, ಹೋಗಿಬರೋಕೆ ಆಗಲ್ಲ. ಅಂಗಡಿಯಲ್ಲೇ ಕೂತರೆ ತಲೆ ಚಿಟ್ಟು ಹಿಡಿಯುತ್ತೆ. ಹಳೇ ಚರ್ಚುಗಳಲ್ಲಿ ಶಾಂತವಾಗಿರುತ್ತೆ ಅಂತ ಗೆಳತಿ ಹೇಳಿದಳು. ನಾವು ಲಿಂಗಾಯತರು. ಹೋಗಿ ಕೂತರೆ ಯಾರಾದರೂ ಏನಾದರೂ ಅಂತಾರಾ? – ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಹೋಗಿ ತಂಗಿ, ಯಾರೂ ಏನೂ ಅನ್ನಲ್ಲ. ಜಾತಿ ಕೇಳುವ ಬಾಗಿಲು ನನಗಂತೂ ಈವರೆಗೆ ಸಿಕ್ಕಿಲ್ಲ. ಗೇಟಿನಲ್ಲಿ ವಾಚ್‌ಮನ್ ಕೇಳೋದು ಒಂದೇ ಮಾತು: "ಯಾರು ಬೇಕಾಗಿತ್ರಿ?" "ಯಾರೂ ಬ್ಯಾಡ್ರಿ, ಸ್ವಲ್ಪ ಹೊತ್ತು ಕೂತು ಹೋಗ್ತೀನಿ" ಅನ್ನಿ. ಬಗಲಲ್ಲಿ ಸ್ಕೆಚ್ ಪುಸ್ತಕ ಇಟ್ಟುಕೊಂಡು ನಾನು 30 ವರ್ಷದಿಂದ ಇದೇ ಉತ್ತರ ಕೊಡುತ್ತಾ ಬಂದಿದ್ದೇನೆ. ಒಬ್ಬರೂ ಹೊರಗೆ ಕಳಿಸಿಲ್ಲ. ಒಬ್ಬರು ಮಾತ್ರ ತಮ್ಮ ಮೊಮ್ಮಗನ ಚಿತ್ರ ಬರೆದುಕೊಡಿ ಅಂತ ಹಿಡಿದು ಕೂರಿಸಿದ್ದರು.

ನನಗೆ ಈ ಚಟ ಹತ್ತಿದ್ದು ಒಂದು ಮಳೆಯಿಂದ. ಜೂನ್ ತಿಂಗಳು. ಶಾಲೆ ಬಿಟ್ಟು ಸೈಕಲ್ ಮೇಲೆ ಬರುತ್ತಿದ್ದೆ. ಧಾರವಾಡದ ಮಳೆ ಗೊತ್ತಲ್ಲ, ಸಣ್ಣಗೆ ಶುರುವಾಗಿ ಬಿಡೋದೇ ಇಲ್ಲ. ದಾರಿಯಲ್ಲಿದ್ದ ಒಂದು ಹಳೇ ಚರ್ಚಿನ ಪಡಸಾಲೆಗೆ ಓಡಿದೆ. ಸುಮ್ನೆ ನಿಲ್ಲೋ ಬದಲು ಎದುರಿಗಿದ್ದ ಹುಣಸೆಮರ ಬರೆಯತೊಡಗಿದೆ. ಕೀಲಿಕೈ ಗೊಂಚಲು ಹಿಡಿದ ಮುದುಕರೊಬ್ಬರು ಬಂದು, ಹಾಳೆ ನೋಡಿ, "ಒಳಗ ಬೆಳಕ ಚಲೋ ಐತಿ, ಅಲ್ಲೇ ಕೂತ ಬರೀರಲ್ಲ" ಅಂದರು. ಬಾಗಿಲು ತೆಗೆದರು.

ಒಳಗೆ ಮೊದಲು ಗೊತ್ತಾಗಿದ್ದು ತಂಪು. ಆಮೇಲೆ ವಾಸನೆ: ಹಳೇ ಕಟ್ಟಿಗೆ, ಮೇಣ, ಒದ್ದೆ ಸುಣ್ಣ. ಎತ್ತರದ ಕಿಟಕಿಯಿಂದ ಒಂದು ತುಂಡು ಬೆಳಕು ಮೂರನೇ ಬೆಂಚಿನ ಮೇಲೆ ಬಿದ್ದಿತ್ತು. ಅದನ್ನೇ ಬರೆಯೋಣ ಅಂತ ಕೂತೆ. ಬೆಂಚಿನ ಕೈ ಬರೆದು ತಲೆ ಎತ್ತೋಷ್ಟರಲ್ಲಿ ಬೆಳಕು ನಾಲ್ಕನೇ ಬೆಂಚಿಗೆ ಸರಿದಿತ್ತು. ಆ ಚಿತ್ರ ಇವತ್ತಿಗೂ ಅರ್ಧವೇ ಇದೆ. ಬೆಂಚಿನ ಕೈಯಂತೂ ಸಾವಿರಾರು ಜನ ಹಿಡಿದೂ ಹಿಡಿದೂ ನುಣ್ಣಗಾಗಿತ್ತು, ನಮ್ಮ ಮನೆಯ ಒನಕೆಯ ನಡುವಿನ ಹಾಗೆ.

ತಂಪಿಗೆ ಕಾರಣ ಮ್ಯಾಜಿಕ್ ಅಲ್ಲ. ದಪ್ಪ ಗೋಡೆ, ಎತ್ತರದ ಮಾಡು, ಮೇಲೆ ಮಂಗಳೂರು ಹಂಚು. ಬಿಸಿ ಗಾಳಿ ಮೇಲಕ್ಕೆ ಏರಿ ಹಂಚಿನ ಸಂದಿಯಿಂದ ಹೊರಗೆ ಹೋಗುತ್ತೆ. ಆ ಹಂಚಿನ ಕಾರ್ಖಾನೆ ಮಂಗಳೂರಲ್ಲಿ ಮೊದಲು ಶುರು ಮಾಡಿದ್ದು ಯುರೋಪಿನಿಂದ ಬಂದ ಕ್ರೈಸ್ತ ಪ್ರಚಾರಕರ ಸಂಸ್ಥೆ ಬಾಸೆಲ್ ಮಿಶನ್ನಿನವರು, 1865ರಲ್ಲಿ. ಈಗ ಕೆಲವು ಕಡೆ ಹಂಚು ತೆಗೆದು ತಗಡು ಹೊದಿಸಿ ಕೆಳಗೆ ಫ್ಯಾನ್ ತಿರುಗಿಸುತ್ತಾರೆ. ನೋಡಿದರೆ ಸಂಕಟ ಆಗುತ್ತೆ. ಆದರೆ ಒಡೆದ ಹಂಚು ಬದಲಿಸಿಕೊಡುವ ಕೆಲಸಗಾರ ಎಲ್ಲಿದ್ದಾನೆ ಅಂತ ಅವರು ಕೇಳಿದರೆ ನನ್ನ ಹತ್ತಿರವೂ ಉತ್ತರ ಇಲ್ಲ.

ಈಗ ನಿಮಗೆ ಬೇಕಾದ ವಿಷಯ. ಎಲ್ಲಿ ಅನ್ನೋದಕ್ಕಿಂತ ಯಾವಾಗ ಅನ್ನೋದು ಮುಖ್ಯ. ಭಾನುವಾರ ಬೆಳಿಗ್ಗೆ ಹೋದರೆ ಆರಾಧನೆ ಇರುತ್ತೆ, ಮೈಕ್ ಇರುತ್ತೆ, ಆವರಣದ ತುಂಬ ಬೈಕು. ಅದು ಅವರ ದಿನ. ನಿಮ್ಮ ದಿನ ಮಂಗಳವಾರವೋ ಬುಧವಾರವೋ, ಮಧ್ಯಾಹ್ನ ಮೂರರ ಹೊತ್ತು. ಡಿಸೆಂಬರ್ ಕೊನೆಯ ವಾರ, ಶುಭ ಶುಕ್ರವಾರದ ಆಸುಪಾಸು ಬೇಡ.

ಪ್ರಾಟೆಸ್ಟಂಟ್ ಚರ್ಚುಗಳಿಗೆ ವಾರದ ದಿನ ಸಾಮಾನ್ಯವಾಗಿ ಬೀಗ ಇರುತ್ತೆ. ಬೇಜಾರು ಮಾಡಿಕೊಳ್ಳಬೇಡಿ. ನಿಮಗೆ ಬೇಕಾದ ಶಾಂತಿ ಅರ್ಧಕ್ಕಿಂತ ಜಾಸ್ತಿ ಆವರಣದಲ್ಲೇ ಇದೆ. ಮೆಟ್ಟಿಲ ಮೇಲೆ, ಮರದ ಕಟ್ಟೆಯ ಮೇಲೆ ಕೂರಿ. ಒಳಗೇ ಕೂರಬೇಕು ಅಂದರೆ ಕ್ಯಾಥೊಲಿಕ್ ಚರ್ಚು ನೋಡಿ, ಹಗಲಲ್ಲಿ ಬಾಗಿಲು ತೆಗೆದಿರೋದು ಜಾಸ್ತಿ. ಬಲಿಪೂಜೆಯ, ಅಂದರೆ ಅವರ ಆರಾಧನೆಯ, ಹೊತ್ತು ಬಿಟ್ಟು ಹೋಗಿ, ಹಿಂದಿನ ಸಾಲಿನಲ್ಲಿ ಕೂರಿ, ಮೊಬೈಲ್ ದನಿ ತೆಗೆಯಿರಿ. ಡಬ್ಬಿ ಬಿಚ್ಚಬೇಡಿ. ನನ್ನ ಪರಿಚಯದವರೊಬ್ಬರು ಒಳಗೆ ಕೂತು ಗಿರ್ಮಿಟ್ ಪೊಟ್ಟಣ ಬಿಚ್ಚಿದ್ದರು. ಆ ಸದ್ದಿಗೆ ಪ್ರಾರ್ಥನೆ ಮಾಡುತ್ತಿದ್ದ ಅಜ್ಜಿ ತಿರುಗಿ ನೋಡಿದ ನೋಟ ನನಗೆ ಇನ್ನೂ ನೆನಪಿದೆ.

ನಿಮ್ಮ ಅಂಗಡಿಯಿಂದ ನಡೆದು ಹೋಗುವಷ್ಟು ಹತ್ತಿರ ನನಗೆ ಒಂದು ಜಾಗ ಗೊತ್ತು. ಹೆಸರು ಇಲ್ಲಿ ಅಚ್ಚು ಹಾಕಿಸಲ್ಲ. ಹಿಂದೊಮ್ಮೆ ಒಂದು ಕೆರೆ ದಂಡೆಯ ಬಗ್ಗೆ ಇದೇ ಪುಟದಲ್ಲಿ ಬರೆದೆ, ಮುಂದಿನ ಭಾನುವಾರ ಅಲ್ಲಿ ಪಾನಿಪುರಿ ಗಾಡಿ ನಿಂತಿತ್ತು. ನಿಮಗೆ ಬೇರೆ ಪತ್ರ ಹಾಕುತ್ತೇನೆ.

ಬಿಡುವು ಸ್ವಲ್ಪ ಹೆಚ್ಚು ಸಿಕ್ಕ ದಿನ ಚಿಗರಿ ಬಸ್ ಹತ್ತಿ ಉಣಕಲ್‌ಗೆ ಹೋಗಿ. ಕೆರೆಗಲ್ಲ, ಅಲ್ಲಿ ಜನ. ಊರೊಳಗೆ ಮನೆಗಳ ನಡುವೆ ಚಂದ್ರಮೌಳೇಶ್ವರ ಗುಡಿ ಇದೆ, ಚಾಲುಕ್ಯರ ಕಾಲದ್ದು. ನಾಲ್ಕು ದಿಕ್ಕಿಗೂ ಬಾಗಿಲು. ನಡುಮಧ್ಯಾಹ್ನ ಎಲ್ಲಿ ಕೂತರೂ ಒಂದು ಬಾಗಿಲಿಂದ ಗಾಳಿ ಬಂದೇ ಬರುತ್ತೆ.

ಪ್ರಶ್ನೆ: ನಮ್ಮ ಊರಲ್ಲಿ ಮಿಶನ್ ಆಸ್ಪತ್ರೆಗೆ 'ಜರ್ಮನ್ ಆಸ್ಪತ್ರೆ' ಅಂತಾರೆ. ಆಳಿದವರು ಇಂಗ್ಲಿಷರು, ಜರ್ಮನರು ಇಲ್ಲಿಗೆ ಬಂದದ್ದು ಹೇಗೆ? ಇನ್ನೊಂದು, ಮಿಶನ್ನಿನವರ ಜಾಗ ಎಲ್ಲ ಊರಲ್ಲೂ ಇಷ್ಟು ವಿಶಾಲ ಯಾಕೆ? – ಕಾಲೇಜು ವಿದ್ಯಾರ್ಥಿ, ಬೆಟಗೇರಿ

ಉತ್ತರ: ಬಾಸೆಲ್ ಇರೋದು ಸ್ವಿಟ್ಜರ್ಲೆಂಡಿನಲ್ಲಿ, ಜರ್ಮನಿಯ ಗಡಿಯಲ್ಲಿ. ಮಿಶನ್ ಅಲ್ಲಿ 1815ರಲ್ಲಿ ಶುರುವಾಯಿತು. ಆದರೆ ಬಂದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯವರು. ನಮ್ಮ ಜನ ಭಾಷೆ ಕೇಳಿ ಹೆಸರಿಟ್ಟರು. 1834ರಲ್ಲಿ ಮಂಗಳೂರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ನಿಮ್ಮ ಬೆಟಗೇರಿ. ಅದೇ ವರ್ಷ ಗದಗಿನ ಹತ್ತಿರ ಮಲ್ಲಸಮುದ್ರದಲ್ಲೂ ನೆಲೆ ಮಾಡಿದರು. ಆಗ ಇಲ್ಲಿ ರೈಲು ಇರಲಿಲ್ಲ. ಘಟ್ಟ ಹತ್ತಿ ಬಂದದ್ದು ಕುದುರೆ, ಚಕ್ಕಡಿ, ಕಾಲ್ನಡಿಗೆಯಲ್ಲಿ.

ನಿಮ್ಮ ಎರಡನೇ ಪ್ರಶ್ನೆ ನನಗೆ ಜಾಸ್ತಿ ಇಷ್ಟವಾಯಿತು. ಮಿಶನ್ನಿನವರಿಗೆ ಚರ್ಚು ಒಂದಿದ್ದರೆ ಸಾಲುತ್ತಿರಲಿಲ್ಲ. ಶಾಲೆ ಬೇಕು, ಇರೋಕೆ ಬಂಗಲೆ ಬೇಕು, ಬಾವಿ ಬೇಕು, ಬೋರ್ಡಿಂಗ್ ಮಕ್ಕಳು ಆಡೋಕೆ ಬಯಲು ಬೇಕು. ಅಷ್ಟು ಜಾಗ ಪೇಟೆಯ ನಡುವೆ ಎಲ್ಲಿ ಸಿಗಬೇಕು? ಊರ ಅಂಚಿನಲ್ಲಿ ತಗೊಂಡರು. ಆಮೇಲೆ ರೈಲು ಬಂತು, ಹತ್ತಿ ಪೇಟೆ ಬೆಳೆಯಿತು, ಊರು ಉಕ್ಕಿ ಆ ಬೇಲಿಯನ್ನು ದಾಟಿ ಮುಂದೆ ಹೋಯಿತು. ಅಂಚಿನಲ್ಲಿದ್ದ ಮರ ನಡುವೆ ಸಿಕ್ಕಿಕೊಂಡಿತು. ಹುಬ್ಬಳ್ಳಿಯ ಓದುಗರಿಗೆ ಮೇಲೆ ಹೇಳಿದೆನಲ್ಲ ಆವರಣದ ಶಾಂತಿ ಅಂತ, ಅದು ಹೀಗೆ ಉಳಿದ ಹಳೇ ಊರಂಚು.

ಅವರಲ್ಲಿ ಕಿಟೆಲ್ ಹೆಸರು ನಿಮಗೆ ಗೊತ್ತೇ ಇದೆ. 1853ರಲ್ಲಿ ಬಂದು ಮೊದಲ ಕೆಲವು ವರ್ಷ ನಮ್ಮ ಈ ಕಡೆಯೇ ಇದ್ದವರು. ಅವರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದದ್ದು 1894ರಲ್ಲಿ, ಸುಮಾರು 70,000 ಪದ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜೇ ಇದೆ. ಆ ಬಾಗಿಲ ಮುಂದೆ ಚಹಾ ಕುಡಿಯುವ ಹುಡುಗರನ್ನು ಒಮ್ಮೆ ಕಿಟೆಲ್ ಯಾರು ಅಂತ ಕೇಳಿದೆ. "ಇಂಗ್ಲಿಷ್ ಸಾಹೇಬ ಇರಬೇಕ್ರಿ" ಅಂದರು. ನಿಮ್ಮ ಜರ್ಮನ್ ಆಸ್ಪತ್ರೆಯವರೇ ವಾಸಿ!

1914ರಲ್ಲಿ ಯುದ್ಧ ಶುರುವಾದಾಗ ಈ ಜರ್ಮನರೆಲ್ಲ ಬ್ರಿಟಿಷರಿಗೆ ಶತ್ರು ದೇಶದವರಾದರು. ಅವರನ್ನು ಕೂಡಿಹಾಕಿ, ಕೊನೆಗೆ ವಾಪಸ್ ಕಳಿಸಿದರು. ಶಾಲೆ, ಚರ್ಚು ಇಲ್ಲೇ ಉಳಿದವು. 1947ರ ಸೆಪ್ಟೆಂಬರಿನಲ್ಲಿ ಹಲವು ಪ್ರಾಟೆಸ್ಟಂಟ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಹುಟ್ಟಿತು. ಧಾರವಾಡದ ಆಲ್ ಸೇಂಟ್ಸ್ ಚರ್ಚಿನ ಆವರಣದಲ್ಲಿ ಈಗ ಅದರ ಉತ್ತರ ಕರ್ನಾಟಕದ ಬಿಷಪ್ಪರ ಕಚೇರಿ ಇದೆ. ಅದೇ ಊರಿನ ಹೆಬಿಕ್ ಮೆಮೋರಿಯಲ್ ಚರ್ಚಿಗೆ ಹೆಸರು ಬಂದದ್ದು 1834ರಲ್ಲಿ ಮಂಗಳೂರಿಗೆ ಇಳಿದ ಮೊದಲ ಮೂವರಲ್ಲಿ ಒಬ್ಬರಾದ ಸ್ಯಾಮ್ಯುಯಲ್ ಹೆಬಿಕ್ ಅವರಿಂದ. ಗದಗಿನಿಂದ ಬರುವುದಾದರೆ ಎರಡನ್ನೂ ನೋಡಿ, ಕಲಿಯೋರಿಗೆ ಒಂದು ದಿನ ಸಾಕು.

ಪ್ರಶ್ನೆ: ಚೆನ್ನಮ್ಮ ಸರ್ಕಲ್ಲಿನಲ್ಲಿ ಅರ್ಧ ತಾಸು ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಾಗ ಒಂದು ಪ್ರಶ್ನೆ ಬಂತು. ಕಿತ್ತೂರಿನಲ್ಲಿ ಸತ್ತ ಥ್ಯಾಕರೆ ಯಾರು, ಅವನನ್ನು ಹೂಳಿದ್ದೆಲ್ಲಿ? – ರಿಕ್ಷಾ ಚಾಲಕ, ಹಳೇ ಹುಬ್ಬಳ್ಳಿ

ಉತ್ತರ: ಆತ ಧಾರವಾಡದಲ್ಲಿದ್ದ ಬ್ರಿಟಿಷ್ ಕಲೆಕ್ಟರ್. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆ ಮುಂದೆ ಸತ್ತ. ಗುಂಡು ಹಾರಿಸಿದವನು ಅಮಟೂರು ಬಾಳಪ್ಪ ಅಂತ ನಮ್ಮ ಕಡೆ ಸಣ್ಣ ಹುಡುಗರೂ ಹೇಳುತ್ತಾರೆ. ಥ್ಯಾಕರೆಯನ್ನು ಹೂಳಿದ್ದು ಧಾರವಾಡದಲ್ಲಿ. ರಾಣಿಗೆ ಹುಬ್ಬಳ್ಳಿಯ ಅತಿ ಗದ್ದಲದ ಸರ್ಕಲ್ಲು, ಸಾಹೇಬನಿಗೆ ಸ್ಮಶಾನದ ಮೌನ. ಹಾರ್ನ್ ಹೊಡೆಯೋ ಮುಂಚೆ ಒಮ್ಮೆ ಕುದುರೆ ಮೇಲಿನ ಆಕೆಯ ಮುಖ ನೋಡಿ. ಗದ್ದಲಕ್ಕೆ ಅಂಜಿದವರ ಮುಖ ಅದಲ್ಲ.

ಪ್ರಶ್ನೆ: ಚರ್ಚಿನೊಳಗೆ ಹೋಗುವಾಗ ಚಪ್ಪಲಿ ಬಿಡಬೇಕಾ? – ಓದುಗರು, ರಾಣೆಬೆನ್ನೂರು

ಉತ್ತರ: ಒಂದೊಂದು ಕಡೆ ಒಂದೊಂದು ರೂಢಿ. ಬಾಗಿಲ ಹತ್ತಿರ ಚಪ್ಪಲಿ ಸಾಲು ಕಂಡರೆ ನೀವೂ ಬಿಡಿ. ಯಾರೂ ಇಲ್ಲದ ಹೊತ್ತಲ್ಲಿ ನಾನಂತೂ ಬಿಟ್ಟೇ ಹೋಗುತ್ತೇನೆ. ಹಾಗೆ ಬಿಟ್ಟು ಒಮ್ಮೆ ಒಳಗೆ ಕೂತು ಬರೆಯುತ್ತಿದ್ದೆ. ಹೊರಗೆ ಬಂದಾಗ ಒಂದೇ ಚಪ್ಪಲಿ. ಆವರಣದ ನಾಯಿಮರಿ ಇನ್ನೊಂದನ್ನು ಬೇವಿನ ಮರದ ಬುಡಕ್ಕೆ ಎಳೆದುಕೊಂಡು ಹೋಗಿ, ಉಂಗುಷ್ಟ ಕಡಿದು ಹಾಕಿತ್ತು. ಬಸ್ ನಿಲ್ದಾಣದವರೆಗೂ ಬರಿಗಾಲಲ್ಲೇ ಬಂದೆ. ಹಾಗಾಗಿ ಗಟ್ಟಿ ಚರ್ಮದ್ದು ಹಾಕಿಕೊಂಡು ಹೋಗಬೇಡಿ, ಅವಕ್ಕೆ ರಬ್ಬರಿನ ಮೇಲೆ ಅಷ್ಟು ಆಸೆ ಇಲ್ಲ.