ನೀರಿನ ಪೈಪು ಹಿಡಿಯುವ ಮುನ್ನ: ಕೈತೋಟದ ಕುರಿತ ಪತ್ರಕ್ಕೆ ಸಂಪಾದಕರ ಉತ್ತರ

ಪ್ರಿಯ ಓದುಗರೇ,

ನಿಮ್ಮ ನಾಲ್ಕು ಪುಟಗಳ ಪತ್ರ ಕೈಸೇರಿದೆ. ಮನೆಯ ಹಿಂದಿನ ಅಂಗಳದಲ್ಲಿ ಕೈತೋಟ ಮಾಡಲು ತೊಡಗಿ ಇದು ಎರಡನೆಯ ವರ್ಷವೆಂದೂ, ಇಪ್ಪತ್ತೆರಡು ಬಗೆಯ ಬೀಜಗಳನ್ನು ಬಿತ್ತಿದ್ದೀರೆಂದೂ, ಬೆಳಗಿನ ಮುಕ್ಕಾಲು ಗಂಟೆ ನೀರು ಹಾಕುವುದರಲ್ಲಿಯೇ ಕಳೆದುಹೋಗುತ್ತದೆಂದೂ, ಮಧ್ಯಾಹ್ನ ಕುಂಬಳದ ಎಲೆಗಳು ಬಾಡಿ ಜೋತುಬೀಳುವುದನ್ನು ಕಂಡು ಮತ್ತೊಮ್ಮೆ ನೀರು ಹಾಕುತ್ತೀರೆಂದೂ ಬರೆದಿದ್ದೀರಿ. ಆ ಬಳ್ಳಿಯ ಮೊದಲ ಹೂಗಳೆಲ್ಲ ಕಾಯಿಯಾಗದೆ ಉದುರಿವೆ. ಗೊಬ್ಬರ ಹಾಕಿದಷ್ಟೂ ಬೀನ್ಸ್ ಬಳ್ಳಿ ಬರೀ ಎಲೆಯನ್ನೇ ಬೆಳೆಸುತ್ತಿದೆ. ಟೊಮೆಟೊ ಗಿಡದ ಕುಡಿಗಳಿಗೆ ಹೇನು ಮುತ್ತಿದೆ. ಅಗೆದು ಕಿತ್ತ ಕಳೆ ಹತ್ತು ದಿನಕ್ಕೆಲ್ಲ ಮತ್ತೆ ತಲೆಯೆತ್ತುತ್ತಿದೆ. ಇಷ್ಟನ್ನೂ ವಿವರಿಸಿದ ಮೇಲೆ, “ಕೆಲಸವೆಲ್ಲ ಮುಗಿದ ನಂತರ ತೋಟದಲ್ಲಿ ಕುಳಿತು ಸಂತೋಷಪಡೋಣವೆಂದುಕೊಳ್ಳುತ್ತೇನೆ, ಆದರೆ ಕೆಲಸ ಮುಗಿಯುವುದೇ ಇಲ್ಲ. ಮುಂದಿನ ವರ್ಷ ಇದನ್ನು ಕೈಬಿಡಲೇ?” ಎಂದು ಕೇಳಿದ್ದೀರಿ.

ಕೈಬಿಡಬೇಡಿ. ನಿಮ್ಮ ಪತ್ರವನ್ನು ಎರಡು ಸಲ ಓದಿದ ಮೇಲೆ ನನಗೆ ತೋರಿದ್ದೇನೆಂದರೆ, ನಿಮ್ಮ ತೋಟಕ್ಕೆ ಆರೈಕೆಯ ಕೊರತೆಯೇನೂ ಆಗಿಲ್ಲ. ನೀವು ದಿನವೂ ಮಾಡುತ್ತಿರುವುದರಲ್ಲಿ ಅರ್ಧದಷ್ಟು ಆ ಗಿಡಗಳಿಗೆ ಬೇಕಿಲ್ಲದ ಕೆಲಸ. ನೀವು ಕೆಲಸವನ್ನು ಮೊದಲಿಗೂ ನೋಡುವ ಸಂತೋಷವನ್ನು ಕೊನೆಗೂ ಇಟ್ಟಿದ್ದೀರಿ. ಆದರೆ ಯಾವ ಕೆಲಸ ಇಂದು ಬೇಕು, ಯಾವುದು ಬೇಡ ಎಂಬುದು ತಿಳಿಯುವುದೇ ಆ ನೋಟದಿಂದ. ಆದುದರಿಂದ ನನ್ನದೊಂದು ಕೋರಿಕೆ: ಬೆಳಗಿನ ಮೊದಲ ಸುತ್ತನ್ನು ಬರಿಗೈಯಲ್ಲಿ ಹಾಕಿ. ಪೈಪು, ಗುದ್ದಲಿ, ಕತ್ತರಿ ಯಾವುದನ್ನೂ ಮುಟ್ಟದೆ, ಹತ್ತು ನಿಮಿಷ ಪ್ರತಿಯೊಂದು ಮಡಿಯ ಬಳಿ ನಿಂತು, ಎಲೆಯ ಮೇಲ್ಭಾಗವನ್ನೂ ಅಡಿಭಾಗವನ್ನೂ ಹೊಸ ಕುಡಿಯನ್ನೂ ಬುಡದ ಮಣ್ಣನ್ನೂ ನೋಡಿ. ನೀವು ಬರೆದ ತೊಂದರೆಗಳೆಲ್ಲವೂ ಈ ಸುತ್ತಿನೊಳಗೇ ಬಿಡಿಸಿಕೊಳ್ಳುವಂಥವು.

ಕುಂಬಳದ ಬಾಡುವಿಕೆಯನ್ನೇ ಮೊದಲು ತೆಗೆದುಕೊಳ್ಳೋಣ. ಅಷ್ಟು ಅಗಲವಾದ ಎಲೆಗಳಿಂದ ಮಧ್ಯಾಹ್ನದ ಬಿಸಿಲಿನಲ್ಲಿ ಆವಿಯಾಗಿ ಹೋಗುವ ನೀರನ್ನು ಬೇರುಗಳು ಅದೇ ವೇಗದಲ್ಲಿ ಒದಗಿಸಲಾರವು. ಮಣ್ಣಿನಲ್ಲಿ ತೇವ ಸಾಕಷ್ಟಿದ್ದರೂ ಎಲೆಗಳು ಜೋತುಬೀಳುತ್ತವೆ, ಬಿಸಿಲು ಇಳಿದ ಮೇಲೆ ತಾವಾಗಿಯೇ ನಿಮಿರಿ ನಿಲ್ಲುತ್ತವೆ. ಸಂಜೆಗೆ ಚೇತರಿಸಿಕೊಂಡ ಬಳ್ಳಿಗೆ ಬಾಯಾರಿಕೆಯಿಲ್ಲ. ಬೆಳಗ್ಗೆ ಎದ್ದಾಗಲೂ ಬಾಡಿಯೇ ಇದ್ದರೆ ಮಾತ್ರ ಚಿಂತಿಸಬೇಕು, ಆಗಲೂ ಮೊದಲು ಮಾಡಬೇಕಾದದ್ದು ಬುಡದ ಮಣ್ಣಿನೊಳಗೆ ಎರಡು ಅಂಗುಲ ಆಳಕ್ಕೆ ಬೆರಳಿಳಿಸಿ ನೋಡುವುದು. ಮಣ್ಣು ಒಣಗಿದ್ದರೆ ನೀರು ಬೇಕು. ಮಣ್ಣು ಒದ್ದೆಯಾಗಿದ್ದೂ ಬಳ್ಳಿ ಬಾಡಿದ್ದರೆ, ಗಾಳಿಯಾಡದೆ ಬೇರು ಕೊಳೆಯಲು ತೊಡಗಿರಬಹುದು. ಅಂಥ ಬಳ್ಳಿಗೆ ಮತ್ತೆ ನೀರೆರೆಯುವುದು ಅದರ ಕಷ್ಟವನ್ನು ಹೆಚ್ಚಿಸುತ್ತದೆ.

ದಿನವೂ ಸ್ವಲ್ಪ ಸ್ವಲ್ಪ ನೀರು ಚಿಮುಕಿಸುವುದರಿಂದ ಮೇಲಿನ ಪದರ ಮಾತ್ರ ನೆನೆಯುತ್ತದೆ, ಬೇರುಗಳೂ ಮೇಲೆಯೇ ಹರಡಿಕೊಳ್ಳುತ್ತವೆ, ಹೀಗಾಗಿ ಒಂದು ದಿನ ನೀರು ತಪ್ಪಿದರೂ ಗಿಡ ತಡೆದುಕೊಳ್ಳಲಾರದು. ತರಕಾರಿ ಮಡಿಗೆ ವಾರಕ್ಕೆ ಸುಮಾರು 2.5 ಸೆಂಟಿಮೀಟರ್ ಮಳೆಗೆ ಸಮನಾದ ನೀರು ಸಾಕೆಂಬುದು ಬಹುಕಾಲದಿಂದ ತೋಟಗಾರರು ಬಳಸುತ್ತಿರುವ ಲೆಕ್ಕ. ಒಂದು ಚದರ ಮೀಟರಿಗೆ ಅದು 25 ಲೀಟರ್ ಆಗುತ್ತದೆ. ಬಿಸಿಲು ಹೆಚ್ಚಿರುವಾಗಲೂ ಮರಳುಮಣ್ಣಿನಲ್ಲಿಯೂ ಇನ್ನಷ್ಟು ಬೇಕಾದೀತು, ಜೇಡಿಮಣ್ಣಿನಲ್ಲಿ ಕಡಿಮೆ ಸಾಕಾದೀತು. ಅದನ್ನು ವಾರದಲ್ಲಿ ಎರಡು ಸಲ, ಬೆಳಗಿನ ಹೊತ್ತು, ಎಲೆಯ ಮೇಲೆ ಸುರಿಯದೆ ಬುಡಕ್ಕೆ ನಿಧಾನವಾಗಿ ಇಂಗುವಂತೆ ಕೊಡಿ. ಎಳೆಯ ಸಸಿಗಳಿಗೂ ಕುಂಡದ ಗಿಡಗಳಿಗೂ ಈ ಮಾತು ಅನ್ವಯಿಸದು, ಅವುಗಳ ಬೇರಿಗೆ ಇರುವ ಮಣ್ಣೇ ಸ್ವಲ್ಪ. ನೆಲದ ಮೇಲೆ ಒಣಎಲೆ ಅಥವಾ ಒಣಹುಲ್ಲನ್ನು 5ರಿಂದ 8 ಸೆಂಟಿಮೀಟರ್ ದಪ್ಪಕ್ಕೆ ಹೊದಿಸಿ, ಕಾಂಡದ ಸುತ್ತ ಮಾತ್ರ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟರೆ, ತೇವವೂ ಉಳಿಯುತ್ತದೆ, ಕಳೆಯೂ ತಗ್ಗುತ್ತದೆ. ನಿಮ್ಮ ಮುಕ್ಕಾಲು ಗಂಟೆಯಲ್ಲಿ ಬಹುಪಾಲು ನಿಮಗೆ ಮರಳಿ ದೊರೆಯುವುದು ಇಲ್ಲಿಯೇ.

ಇನ್ನು ಉದುರಿದ ಹೂಗಳ ವಿಷಯ. ನಿಮ್ಮ ಪತ್ರದಲ್ಲಿ ಅತ್ಯಂತ ನೋವಿನಿಂದ ಬರೆದ ಸಾಲುಗಳು ಇವೇ ಆಗಿದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಕುಂಬಳದಲ್ಲಿ ಗಂಡುಹೂ ಬೇರೆ, ಹೆಣ್ಣುಹೂ ಬೇರೆ. ಎರಡೂ ಒಂದೇ ಬಳ್ಳಿಯಲ್ಲಿ ಬಿಡುತ್ತವೆ, ಆದರೆ ಸಾಮಾನ್ಯವಾಗಿ ಮೊದಲ ಕೆಲವು ದಿನ ಅರಳುವವೆಲ್ಲ ಗಂಡುಹೂಗಳು. ತೆಳ್ಳನೆಯ ನೀಳ ತೊಟ್ಟಿನ ಮೇಲೆ ನಿಂತಿದ್ದರೆ ಅದು ಗಂಡು. ಹೂವಿನ ಹಿಂದೆ, ತೊಟ್ಟಿಗೂ ದಳಕ್ಕೂ ನಡುವೆ, ಪುಟ್ಟ ಕುಂಬಳಕಾಯಿಯಂಥ ಗುಂಡನೆಯ ಮಿಡಿ ಇದ್ದರೆ ಅದು ಹೆಣ್ಣು. ನಿಮ್ಮ ಬಳ್ಳಿಯಿಂದ ಉದುರಿದ್ದು ಗಂಡುಹೂಗಳೇ ಆಗಿದ್ದರೆ, ಅವು ತಮ್ಮ ಒಂದು ದಿನದ ಆಯುಸ್ಸನ್ನು ಮುಗಿಸಿ ಬಿದ್ದಿವೆ, ಬಳ್ಳಿಯಲ್ಲಿ ಯಾವ ದೋಷವೂ ಇಲ್ಲ. ಹೆಣ್ಣುಹೂ ಬಂದ ಮೇಲೂ ಮಿಡಿ ಹಳದಿಯಾಗಿ ಕಳಚುತ್ತಿದ್ದರೆ, ಪರಾಗ ತಲುಪಿಲ್ಲವೆಂದು ತಿಳಿಯಬೇಕು. ಕುಂಬಳದ ಹೂ ನಸುಕಿನಲ್ಲಿ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡಿಕೊಳ್ಳುತ್ತದೆ. ಜೇನುಹುಳು ಬರಬೇಕಾದುದು ಆ ಕೆಲವೇ ಗಂಟೆಗಳಲ್ಲಿ. ಹುಳುಗಳು ಕಾಣದಿದ್ದರೆ ಆಗ ತಾನೇ ಅರಳಿದ ಗಂಡುಹೂವೊಂದನ್ನು ಕಿತ್ತು, ದಳಗಳನ್ನು ಹರಿದು ತೆಗೆದು, ನಡುವಿನ ಹಳದಿ ಕಂಬವನ್ನು ಹೆಣ್ಣುಹೂವಿನೊಳಗೆ ಮೆಲ್ಲಗೆ ಸವರಿ. ಮೂರು ನಾಲ್ಕು ದಿನಗಳಲ್ಲಿ ಆ ಮಿಡಿ ಉಬ್ಬತೊಡಗುವುದನ್ನು ಕಣ್ಣಾರೆ ಕಂಡವರಿಗೆ, ತೋಟದ ಸಂತೋಷವನ್ನು ಬೇರೆ ಹೊತ್ತಿಗೆ ಹುಡುಕಬೇಕೆಂದು ಅನ್ನಿಸುವುದಿಲ್ಲವೆಂದು ನಾನು ನಂಬಿದ್ದೇನೆ. ಸೌತೆ, ಹೀರೆ, ಸೋರೆ ಇವುಗಳಲ್ಲಿಯೂ ಗಂಡು ಹೆಣ್ಣು ಹೂಗಳು ಹೀಗೆಯೇ ಬೇರೆ ಬೇರೆ; ಆದರೆ ಹೀರೆ, ಸೋರೆಗಳ ಹೂ ಅರಳುವುದು ಸಂಜೆಗೆ, ಅವುಗಳಿಗೆ ಹೊತ್ತು ಬದಲಿಸಿಕೊಳ್ಳಬೇಕು. ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಒಟ್ಟಿಗೇ ಇರುತ್ತವೆ, ಗಾಳಿಗೆ ಗೊಂಚಲು ಅಲುಗಿದರೂ ಸಾಕು. ಸೆಖೆ ವಿಪರೀತವಾದಾಗ ಪರಾಗ ಕೆಟ್ಟು ಹೂ ಉದುರುತ್ತದೆ, ಹವೆ ತಂಪಾದ ಮೇಲೆ ಮತ್ತೆ ಕಾಯಿ ಕಚ್ಚುತ್ತದೆ.

ಬೀನ್ಸ್ ಬಳ್ಳಿಗೆ ಗೊಬ್ಬರ ನಿಲ್ಲಿಸಿಬಿಡಿ. ದ್ವಿದಳ ಜಾತಿಯ ಗಿಡಗಳು ಬೇರುಗಂಟುಗಳಲ್ಲಿರುವ ಸೂಕ್ಷ್ಮಾಣುಗಳ ನೆರವಿನಿಂದ ಗಾಳಿಯ ಸಾರಜನಕವನ್ನು ತಮ್ಮದಾಗಿಸಿಕೊಳ್ಳುತ್ತವೆ; ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ಇದನ್ನು ಪ್ರಯೋಗಗಳಿಂದ ತೋರಿಸಿ ಪ್ರಕಟಿಸಿದ್ದು 1888ರಲ್ಲಿ. ಮಣ್ಣಿನಲ್ಲಿಯೇ ಸಾರಜನಕ ತುಂಬಿ ತುಳುಕುತ್ತಿದ್ದರೆ ಬಳ್ಳಿ ಬೇರುಗಂಟುಗಳನ್ನು ಕಟ್ಟುವುದನ್ನು ಕಡಿಮೆ ಮಾಡುತ್ತದೆ, ಎಲೆಯಲ್ಲಿ ಕೊಬ್ಬುತ್ತದೆ, ಹೂ ಬಿಡಲು ತಡಮಾಡುತ್ತದೆ. ಹೇಗೂ ಕೆಲವು ಬಳ್ಳಿಗಳನ್ನು ನೀವು ಕಿತ್ತುಹಾಕಬೇಕೆಂದಿದ್ದೀರಿ. ಅವುಗಳ ಬೇರನ್ನು ತೊಳೆದು ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಬಣ್ಣ ಕಂಡರೆ ಅದು ಕೆಲಸ ಮಾಡುತ್ತಿರುವ ಗಂಟು. ಗಂಟುಗಳೇ ಇಲ್ಲದಿದ್ದರೆ ನಿಮ್ಮ ಗೊಬ್ಬರದ ಬುಟ್ಟಿಯನ್ನು ಬೇರೆ ಮಡಿಗೆ ಒಯ್ಯಿರಿ.

ಇದೇ ಬಳ್ಳಿಯ ಬಗ್ಗೆ, “ಕೋಲಿಗೆ ಎಷ್ಟು ಸಲ ಸುತ್ತಿದರೂ ಬಿಚ್ಚಿಕೊಳ್ಳುತ್ತದೆ” ಎಂದೂ ಒಂದು ಸಾಲು ಬರೆದಿದ್ದೀರಿ. ಬೀನ್ಸ್ ಬಳ್ಳಿ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾದ ದಿಕ್ಕಿನಲ್ಲಿ ಮಾತ್ರ ಸುತ್ತುತ್ತದೆ; ನೀವು ಬಹುಶಃ ಅದನ್ನು ಎದುರು ದಿಕ್ಕಿಗೆ ಸುತ್ತುತ್ತಿದ್ದೀರಿ. ಕುಡಿಯನ್ನು ಕೋಲಿಗೆ ತಾಗಿಸಿ ಬಿಟ್ಟರೆ ಸಾಕು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಬೆಚ್ಚಗಿನ ದಿನದಲ್ಲಿ ಎಳೆಯ ಬಳ್ಳಿಯ ತುದಿ ಗಾಳಿಯಲ್ಲಿ ವೃತ್ತ ಬರೆಯುತ್ತಾ ಆಸರೆ ಹುಡುಕುತ್ತದೆ, ಒಂದು ಸುತ್ತಿಗೆ ಸುಮಾರು ಎರಡು ಗಂಟೆ. ಬಳ್ಳಿಗಳ ಕುರಿತು 1865ರಲ್ಲಿ ಪ್ರಕಟಿಸಿದ ಬರಹಕ್ಕಾಗಿ ಚಾರ್ಲ್ಸ್ ಡಾರ್ವಿನ್, ತಾವು ಕಾಯಿಲೆಯಿಂದ ಕೋಣೆ ಬಿಟ್ಟು ಹೊರಡಲಾಗದಿದ್ದಾಗ, ಕುಂಡದಲ್ಲಿದ್ದ ಹಾಪ್ ಬಳ್ಳಿಯ ಕುಡಿಯನ್ನು ಹಗಲೂ ರಾತ್ರಿಯೂ ಗಮನಿಸಿ, ಬಿಸಿಯ ಹಗಲಿನಲ್ಲಿ ಒಂದು ಸುತ್ತಿಗೆ ಸರಾಸರಿ 2 ಗಂಟೆ 8 ನಿಮಿಷ ಬೇಕೆಂದು ಲೆಕ್ಕ ಹಾಕಿದ್ದರು. ನೀವು ಅಷ್ಟೆಲ್ಲ ಮಾಡಬೇಕಿಲ್ಲ. ರಜೆಯ ದಿನ ಬೆಳಗ್ಗೆ ಕುಡಿ ಯಾವ ಕಡೆಗೆ ಮುಖ ಮಾಡಿದೆ ಎಂದು ಗುರುತಿಟ್ಟುಕೊಂಡು, ಅರ್ಧ ಗಂಟೆ ಬಿಟ್ಟು ಮತ್ತೆ ಹೋಗಿ ನೋಡಿ.

ಟೊಮೆಟೊ ಕುಡಿಯ ಹೇನಿನ ಬಗ್ಗೆ ಬರೆಯುವಾಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ನಾನು ತೋಟ ಮಾಡಿದ ಮೊದಲ ವರ್ಷ, ಹೇನು ಮುತ್ತಿದ ಕುಡಿಗಳ ನಡುವೆ ಕಪ್ಪು ಮೈಯ ಮೇಲೆ ಕಿತ್ತಳೆ ಮಚ್ಚೆಗಳಿದ್ದ, ಉದ್ದನೆಯ, ಮುಳ್ಳುಮುಳ್ಳಾದ ಹುಳುಗಳನ್ನು ಕಂಡು, ಗಿಡ ತಿನ್ನುತ್ತಿರುವವು ಇವೇ ಎಂದು ಒಂದೊಂದನ್ನೂ ಹೊಸಕಿ ಹಾಕಿದೆ. ಅವು ಗುಲಗಂಜಿ ಹುಳುವಿನ ಮರಿಗಳೆಂದು ತಿಳಿದದ್ದು ಮುಂದಿನ ವರ್ಷ. ಬೆಳೆದ ಗುಲಗಂಜಿ ಹುಳುವನ್ನು ಎಲ್ಲರೂ ಗುರುತಿಸುತ್ತಾರೆ, ಅದರ ಮರಿಗೆ ಮಾತ್ರ ತಾಯಿಯ ಹೋಲಿಕೆಯೇ ಇಲ್ಲ. ಆ ಮರಿಯಾದರೋ ದೊಡ್ಡದಾಗುವಷ್ಟರಲ್ಲಿ ನೂರಾರು ಹೇನುಗಳನ್ನು ತಿಂದು ಮುಗಿಸುತ್ತದೆ. ಹೇನು ಗಂಡಿನ ನೆರವಿಲ್ಲದೆಯೇ ಮರಿ ಹಾಕುತ್ತದೆ, ಅದರ ಮರಿ ವಾರ ಹತ್ತು ದಿನಗಳಲ್ಲಿ ತಾನೂ ತಾಯಿಯಾಗುತ್ತದೆ. ಹೀಗಿರುವಾಗ ಔಷಧ ಸಿಂಪಡಿಸಿ ಎರಡನ್ನೂ ಕೊಂದರೆ ಮೊದಲು ಮರಳಿ ತುಂಬಿಕೊಳ್ಳುವುದು ಹೇನೇ. ನೀವು ತಂದಿಟ್ಟಿರುವ ಔಷಧದ ಬಾಟಲಿಯನ್ನು ದಯವಿಟ್ಟು ತೆರೆಯಬೇಡಿ. ನೀರಿನ ಬಿರುಸಾದ ಧಾರೆಯಿಂದ ಕುಡಿಗಳನ್ನು ತೊಳೆಯಿರಿ, ಹೆಚ್ಚು ಮುತ್ತಿದ ತುದಿಗಳನ್ನು ಚಿವುಟಿ ತೆಗೆಯಿರಿ, ಒಂದು ವಾರ ಕಾಯಿರಿ. ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ: ಬದನೆಯ ಎಲೆಯನ್ನು ಕೆರೆದು ಜಾಲರಿಯಂತೆ ಮಾಡುವ ಹಳದಿ ಬಣ್ಣದ ಮುಳ್ಳುಹುಳು ಗುಲಗಂಜಿ ಹುಳುವಿನ ದಾಯಾದಿಯೇ ಆದರೂ ಎಲೆ ತಿನ್ನುವಂಥದ್ದು, ಅದನ್ನು ಆರಿಸಿ ತೆಗೆಯಲೇಬೇಕು. ಯಾವುದು ಯಾವುದೆಂದು ತಿಳಿಯದಿದ್ದಾಗ ಕೊಲ್ಲುವುದಕ್ಕೆ ಮುನ್ನ ಐದು ನಿಮಿಷ ಅದರ ಬಾಯಿ ಎಲ್ಲಿದೆಯೆಂದು ನೋಡಿ, ಎಲೆಯ ಮೇಲೋ ಹೇನಿನ ಮೇಲೋ.

ಕಳೆಯ ಬಗ್ಗೆ ನಿಮಗೆ ಸಮಾಧಾನ ಹೇಳುವುದು ಕಷ್ಟ, ಅದು ಮುಗಿಯುವ ಕೆಲಸವಲ್ಲ. ಅಮೆರಿಕದ ಮಿಷಿಗನ್‌ನಲ್ಲಿ ಸಸ್ಯವಿಜ್ಞಾನಿ ವಿಲಿಯಂ ಜೇಮ್ಸ್ ಬೀಲ್ 1879ರಲ್ಲಿ 20 ಬಾಟಲಿಗಳಲ್ಲಿ ಬೀಜಗಳನ್ನು ತುಂಬಿ ನೆಲದಲ್ಲಿ ಹೂತಿಟ್ಟರು. 2021ರಲ್ಲಿ ಅವುಗಳಲ್ಲೊಂದನ್ನು ತೆಗೆದು ಬಿತ್ತಿದಾಗ, 141 ವರ್ಷಗಳ ನಂತರವೂ ಕೆಲವು ಬೀಜಗಳು ಮೊಳೆತವು. ನಿಮ್ಮ ಅಂಗಳದ ಮಣ್ಣಿನಲ್ಲಿಯೂ ಇಂಥ ಬೀಜಗಳು ಮಲಗಿವೆ. ಆಳವಾಗಿ ಅಗೆದಷ್ಟೂ ಅವು ಬೆಳಕಿಗೆ ಬಂದು ಮೊಳೆಯುತ್ತವೆ. ಹೀಗಾಗಿ ಅಗೆಯದೆ, ಕಳೆ ಇನ್ನೂ ಎಳೆಯದಾಗಿರುವಾಗಲೇ ನೆಲಮಟ್ಟದಲ್ಲಿ ಸವರಿ, ಹೂವಾಗಲು ಮಾತ್ರ ಬಿಡಬೇಡಿ.

ಕೊಯ್ಲನ್ನೂ ಆರೈಕೆಯೆಂದೇ ತಿಳಿಯಿರಿ. ಬೀನ್ಸ್, ಬೆಂಡೆ, ಸೌತೆ ಇವುಗಳ ಒಂದೆರಡು ಕಾಯಿ ಗಿಡದಲ್ಲಿಯೇ ಬಲಿತು ಬೀಜವಾದರೆ ಗಿಡ ತನ್ನ ಶಕ್ತಿಯನ್ನು ಆ ಬೀಜಕ್ಕೆ ಹರಿಸಿ ಹೊಸ ಹೂಗಳನ್ನು ತಗ್ಗಿಸುತ್ತದೆ. ಎರಡು ದಿನಕ್ಕೊಮ್ಮೆ ಎಳೆಯ ಕಾಯಿ ಕೊಯ್ಯುತ್ತಿದ್ದರೆ ವಾರಗಟ್ಟಲೆ ಬಿಡುತ್ತಲೇ ಇರುತ್ತದೆ. ಚೆಂಡುಹೂವಿನ ಬಾಡಿದ ತಲೆಗಳನ್ನು ಕಿತ್ತರೂ ಹೀಗೆಯೇ. ಈ ಕೆಲಸಕ್ಕೆ ಸಂಜೆಯ ಹೊತ್ತನ್ನು ಇಟ್ಟುಕೊಳ್ಳಿ, ಸಾಧ್ಯವಾದರೆ ದಾರಿಯ ಬದಿಗೆ ಒಂದು ಸಂಜೆಮಲ್ಲಿಗೆಯ ಗಿಡ ನೆಡಿ. ದಿನವೆಲ್ಲ ಮುಚ್ಚಿಕೊಂಡಿದ್ದು ಇಳಿಹೊತ್ತಿಗೆ ಅರಳುವ ಗಿಡ ಅದು. ದುಡಿದು ಬಂದವರಿಗೆ ಸಿಗುವ ಹೊತ್ತು ಅದೊಂದೇ ಅಲ್ಲವೇ!

ಇಪ್ಪತ್ತೆರಡು ಬಗೆಗಳು ಒಬ್ಬರ ಕಣ್ಣಿಗೆ ಹೆಚ್ಚಾದವು ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದಿನ ಬಿತ್ತನೆಗೆ ಎಂಟು ಬಗೆ ಸಾಕು, ಅವುಗಳಲ್ಲಿ ಎರಡು ಹೂವಿನವು ಇರಲಿ. ಈಗಿನ ಹಂಗಾಮು ಮುಗಿದಾಗ ಬೀನ್ಸ್ ಬಳ್ಳಿಗಳನ್ನು ಬುಡಸಮೇತ ಕೀಳದೆ ನೆಲಮಟ್ಟಕ್ಕೆ ಕತ್ತರಿಸಿ, ಬೇರು ಮಣ್ಣಿನಲ್ಲಿಯೇ ಕರಗಲಿ. ಚೆನ್ನಾಗಿ ಕಾಯಿಬಿಟ್ಟ ಒಂದು ಬಳ್ಳಿಯಲ್ಲಿ ಏಳೆಂಟು ಕಾಯಿಗಳನ್ನು ಪೂರ್ತಿ ಒಣಗಲು ಬಿಟ್ಟು ಬೀಜಕ್ಕೆ ಇಟ್ಟುಕೊಳ್ಳಿ.

ಹೆಣ್ಣುಹೂಗಳು ಬರುವ ಕಾಲ ನಿಮ್ಮ ಕುಂಬಳದ ಬಳ್ಳಿಗೆ ಇನ್ನೂ ಮುಂದಿದೆ. ನಾಳೆಯಿಂದ ಹೂವಿನ ಹಿಂಭಾಗವನ್ನು ನೋಡುತ್ತಿರಿ. ಮೊದಲ ಮಿಡಿ ಕಂಡ ದಿನ, ಅದು ಬಳ್ಳಿಯ ಎಷ್ಟನೆಯ ಎಲೆಯ ಕಂಕುಳಲ್ಲಿತ್ತೆಂದು ಎಣಿಸಿ ನನಗೊಂದು ಸಾಲು ಬರೆಯಿರಿ.

ಇತಿ,
ಸಂಪಾದಕ